ಆಟ ನಿಂತ ಜಾಗಗಳ ನೋಟ್‌ಬುಕ್

2022ರ ಆಗಸ್ಟ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ನಿಯಮಗಳನ್ನು ಪರಿಷ್ಕರಿಸುತ್ತೇವೆ ಅಂತ ಪ್ರಕಟಣೆ ಬಂತು. ಅದೇ ರಾತ್ರಿ ಕೂತು ನನಗೆ ಬೇಕಾದ ಬದಲಾವಣೆಗಳನ್ನೆಲ್ಲ ಬರೆದೆ. ಮೂವತ್ತೊಂದು ಆದವು. ಎರಡು ವಾರ ಬಿಟ್ಟು ಮತ್ತೆ ಓದಿದಾಗ ನನಗೇ ಕಸಿವಿಸಿ ಆಯಿತು. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ವಿಷಯಗಳು ನನ್ನ ಟೇಬಲ್‌ನಲ್ಲಿ ಒಂದು ಸಲವೂ ತೊಂದರೆ ಕೊಟ್ಟಿರಲಿಲ್ಲ. ಬೇರೆಯವರು ಬೈದಿದ್ದನ್ನು ಓದಿ ಓದಿ ತಲೆಯಲ್ಲಿ ಕೂತಿದ್ದವು, ಅಷ್ಟೇ. ಆ ಪಟ್ಟಿಯನ್ನು ಹರಿದು ಹಾಕಿದೆ, ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಡುತ್ತಾರೆ. ಉಳಿದ ಜಗತ್ತನ್ನೆಲ್ಲ, ಅಂದರೆ ರಾಕ್ಷಸರು, ಊರಿನವರು, ಮಳೆ, ಬಾಗಿಲು, ಎಲ್ಲವನ್ನೂ ಡಂಜನ್ ಮಾಸ್ಟರ್ ಅಂದರೆ ಡಿಎಂ ನಡೆಸುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕೆಲಸ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ಐದನೇ ಆವೃತ್ತಿ ಬಂದಿದ್ದು 2014ರಲ್ಲಿ. ನಾನು ಡಿಎಂ ಆಗಿ ಕೂರಲು ಶುರು ಮಾಡಿದ್ದು ಅದಾದ ಎರಡು ವರ್ಷಕ್ಕೆ. ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಪರದೆಯ ಹಿಂದೆ ಕೂತವರ ಮಾತು.

ನೋಟ್‌ಬುಕ್‌ನ ಕ್ರಮ ಸರಳ. ಆಟ ನಡೆಯುವಾಗ ಎಲ್ಲಿ ನಿಂತಿತು ಅಂತ ಬರೆಯುವುದು. ನಿಲ್ಲುವುದು ಅಂದರೆ ಪುಸ್ತಕ ತೆಗೆದು ಹುಡುಕಬೇಕಾದದ್ದು, ವಾದ ಆದದ್ದು, ಅಥವಾ ಒಬ್ಬರು ಮಾಡಲು ಏನೂ ಇಲ್ಲದೆ ಕೈಕಟ್ಟಿ ಕೂತದ್ದು. ಗಂಟೆ ಎಷ್ಟು, ಯಾವ ನಿಯಮ, ಎಷ್ಟು ನಿಮಿಷ, ಯಾರು ಸುಮ್ನೆ ಕೂತಿದ್ದರು. ಒಂದು ಸಾಲು ಸಾಕು. ಆಟ ಮುಗಿದ ಮೇಲೆ ಬರೆಯೋಣ ಅಂದುಕೊಂಡರೆ ಆಗುವುದಿಲ್ಲ, ಎಲ್ಲ ಮರೆತು ಹೋಗಿ ದೊಡ್ಡ ಜಗಳ ಒಂದೇ ನೆನಪಿರುತ್ತೆ. ಸಣ್ಣ ಸಣ್ಣ ನಿಲುಗಡೆಗಳೇ ಸಂಜೆಯನ್ನು ತಿನ್ನುವುದು.

ಹದಿನಾಲ್ಕು ಸೆಷನ್ ಆದ ಮೇಲೆ ಪುಟಗಳನ್ನು ತಿರುವಿದೆ. ನಾನು ಮೊದಲು ಬರೆದ ಮೂವತ್ತೊಂದರಲ್ಲಿ ಆರು ಮಾತ್ರ ಇದ್ದವು. ನಾನು ಯೋಚನೆಯೇ ಮಾಡಿರದ ಮೂರು ಹೊಸದು ಬಂದಿದ್ದವು. ಎಲ್ಲಕ್ಕಿಂತ ಹೆಚ್ಚು ಸಲ ಬಂದಿದ್ದು ಒಂದೇ ಸಾಲು: 'ಫೈಟರ್ ಬಿದ್ದ. ಎದ್ದ. ಬಿದ್ದ.'

ಫೈಟರ್ ಅಂದರೆ ಮುಂದೆ ನಿಂತು ಹೊಡೆದಾಡುವ ಪಾತ್ರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಇಡೀ ಪ್ರಯೋಗ ಶುರುವಾಗಿದ್ದು ಇಲ್ಲಿಂದ. ಈ ಆಟದಲ್ಲಿ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಅಂಕ, ಒಂದೇ ಒಂದು ಉಳಿದಿದ್ದರೂ ಪಾತ್ರ ಪೂರ್ತಿ ಗಟ್ಟಿಯಾಗಿ ಹೊಡೆದಾಡುತ್ತೆ. ಸೊನ್ನೆಗೆ ಬಂದರೆ ಮಾತ್ರ ಬೀಳುತ್ತೆ. ಬಿದ್ದವರಿಗೆ ಯಾರಾದರೂ ಸ್ವಲ್ಪ ಗುಣ ಮಾಡುವ ಮಂತ್ರ ಹಾಕಿದರೆ ಸಾಕು, ಎದ್ದು ನಿಂತು ಆ ಸರದಿಯಲ್ಲೇ ಮತ್ತೆ ಹೊಡೆಯಬಹುದು. ಈಗ ಲೆಕ್ಕ ನೋಡಿ. 2014ರ ನಿಯಮದಲ್ಲಿ ಓಗರ್ ಅನ್ನುವ ದೈತ್ಯ ಗದೆಯಿಂದ ಒಂದು ಏಟು ಕೊಟ್ಟರೆ ಎರಡು ಡಿ8, ಅಂದರೆ ಎಂಟು ಮುಖದ ಎರಡು ದಾಳ, ಪ್ಲಸ್ 4, ಸರಾಸರಿ 13 ಪಾಯಿಂಟ್ ಹೋಗುತ್ತೆ. ಗುಣ ಮಾಡುವ ಪಾತ್ರವಾದ ನಮ್ಮ ಕ್ಲೆರಿಕ್ ತನ್ನ ಇಡೀ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸ, ಖರ್ಚು ಮಾಡಿ, ಇಷ್ಟೇ ಅಂತ ಲೆಕ್ಕ ಇರುವ ಮಂತ್ರದ ಅವಕಾಶ ಅಂದರೆ ಸ್ಲಾಟ್, ಅದರಲ್ಲಿ ಮೊದಲ ಹಂತದ ಒಂದನ್ನು ಕೊಟ್ಟು 'ಕ್ಯೂರ್ ವೂಂಡ್ಸ್' ಹಾಕಿದರೆ ಒಂದು ಡಿ8 ಪ್ಲಸ್ 3, ಸರಾಸರಿ ಏಳೂವರೆ. ಅಂದರೆ ಗುಣ ಮಾಡಿದ್ದು ಅರ್ಧ ಏಟಿಗೆ ಸಮ. ಹಾಗಿದ್ದಾಗ ಗೆಳೆಯ ಬೀಳುವ ಮೊದಲು ಗುಣ ಮಾಡುವುದು ಸ್ಲಾಟ್ ದಂಡ. ಬೀಳಲಿ, ಆಮೇಲೆ ಬೋನಸ್ ಆಕ್ಷನ್‌ನಲ್ಲಿ, ಅಂದರೆ ಆಕ್ಷನ್ ಜೊತೆಗೆ ಸಿಗುವ ಸಣ್ಣ ಕೆಲಸದಲ್ಲಿ, ದೂರದಿಂದಲೇ 'ಹೀಲಿಂಗ್ ವರ್ಡ್' ಹಾಕಿ ಎಬ್ಬಿಸೋಣ, ಅವನ ಸರದಿ ಹೇಗೂ ಹೋಗಲ್ಲ, ಅನ್ನುವುದೇ ಜಾಣತನ.

ನಮ್ಮ ಕ್ಲೆರಿಕ್ ಆಡುವವಳು ಇದನ್ನು ಬೇಗ ಕಂಡುಕೊಂಡಳು. ತಪ್ಪೇನೂ ಮಾಡಲಿಲ್ಲ, ನಿಯಮ ಹೇಳಿಕೊಟ್ಟಿದ್ದನ್ನೇ ಮಾಡಿದಳು. ಆದರೆ ಟೇಬಲ್‌ನಲ್ಲಿ ಅದು ಹೇಗೆ ಕಾಣುತ್ತಿತ್ತು ಅಂದರೆ: ಫೈಟರ್ ಏಳು ಪಾಯಿಂಟ್‌ನಲ್ಲಿ ರಕ್ತ ಸುರಿಸಿಕೊಂಡು ನಿಂತಿದ್ದಾನೆ, ಅವನು ಅವಳ ಕಡೆ ನೋಡುತ್ತಾನೆ, ಅವಳು 'ಇರು, ಇನ್ನೂ ಬಿದ್ದಿಲ್ಲ ಅಲ್ವಾ' ಅನ್ನುತ್ತಾಳೆ. ಗೆಳೆಯನನ್ನು ಕಾಪಾಡಬೇಕಾದ ಪಾತ್ರ ಅವನು ಬೀಳುವುದನ್ನೇ ಕಾಯುತ್ತಿದೆ. ಒಂದು ಸಂಜೆ ಒಂದೇ ಕಾಳಗದಲ್ಲಿ ಅವನು ನಾಲ್ಕು ಸಲ ಬಿದ್ದು ನಾಲ್ಕು ಸಲ ಎದ್ದ. ನಾಲ್ಕನೇ ಸಲ ಬಿದ್ದಾಗ ಯಾರೂ ತಲೆ ಎತ್ತಿ ನೋಡಲಿಲ್ಲ. ಸಾವಿನ ಅಂಚಿಗೆ ಹೋಗುವುದು ಮಾಮೂಲಿ ಆಗಿಬಿಟ್ಟರೆ ಕಥೆಗೆ ಏನು ಬೆಲೆ ಉಳಿಯಿತು?

ಹಾಗಾಗಿ ಹೊಸ ಪುಸ್ತಕದಿಂದ ನನ್ನ ಮೊದಲ ಬೇಡಿಕೆ ಇದಾಯಿತು: ಬೀಳುವುದಕ್ಕೆ ಒಂದು ಬೆಲೆ ಇರಲಿ. ಆದರೆ ಕೇಳುವ ಮೊದಲು ಆಡಿ ನೋಡೋಣ ಅಂದುಕೊಂಡೆ. ಆಟಗಾರರ ಜೊತೆ ಮಾತಾಡಿಕೊಂಡು ಒಂದು ಒಪ್ಪಂದ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ನಾಲ್ಕು ಸೆಷನ್ ಕಡ್ಡಾಯ, ನಡುವೆ ಬೇಡ ಅನ್ನುವಂತಿಲ್ಲ, ನಾಲ್ಕು ಮುಗಿದ ಮೇಲೆ ಎಲ್ಲರೂ ಒಂದೊಂದು ಮಾತು ಹೇಳಬೇಕು. ಎರಡು ಬದಲಾವಣೆ ಒಟ್ಟಿಗೆ ಹಾಕಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ಈ ಒಂದು ಕಟ್ಟುಪಾಡು ನನಗೆ ಬಹಳ ಉಪಯೋಗಕ್ಕೆ ಬಂತು.

ಮೊದಲ ಪ್ರಯೋಗ: ಸೊನ್ನೆಗೆ ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಶನ್, ಅಂದರೆ ಬಳಲಿಕೆ. ತುಂಬಾ ಜನ ಡಿಎಂಗಳು ಹೇಳುವ ಮನೆ ನಿಯಮ ಇದು, ನನಗೂ ಇದೇ ಉತ್ತರ ಅನಿಸಿತ್ತು. 2014ರ ಬಳಲಿಕೆಗೆ ಆರು ಮೆಟ್ಟಿಲು. ಮೊದಲನೆಯದರಲ್ಲಿ ಎಬಿಲಿಟಿ ಚೆಕ್‌ಗಳಿಗೆ, ಅಂದರೆ ಹತ್ತುವುದು ಹುಡುಕುವುದರಂಥ ಕೆಲಸಗಳ ದಾಳಕ್ಕೆ, ಡಿಸ್‌ಅಡ್ವಾಂಟೇಜ್, ಎರಡನೆಯದರಲ್ಲಿ ವೇಗ ಅರ್ಧ, ಮೂರನೆಯದರಲ್ಲಿ ಹೊಡೆತಕ್ಕೂ ಸೇವಿಂಗ್ ಥ್ರೋಗೂ, ಅಂದರೆ ಅಪಾಯದಿಂದ ತಪ್ಪಿಸಿಕೊಳ್ಳುವ ದಾಳಕ್ಕೂ, ಡಿಸ್‌ಅಡ್ವಾಂಟೇಜ್, ನಾಲ್ಕರಲ್ಲಿ ಗರಿಷ್ಠ ಹಿಟ್ ಪಾಯಿಂಟ್ ಅರ್ಧ, ಐದರಲ್ಲಿ ಕದಲುವಂತಿಲ್ಲ, ಆರರಲ್ಲಿ ಸಾವು. ಒಂದು ಲಾಂಗ್ ರೆಸ್ಟ್‌ಗೆ, ಅಂದರೆ ಒಂದು ರಾತ್ರಿಯ ವಿಶ್ರಾಂತಿಗೆ, ಒಂದೇ ಮೆಟ್ಟಿಲು ಇಳಿಯುತ್ತೆ. ಎರಡನೇ ಸೆಷನ್‌ನಲ್ಲಿ ಫೈಟರ್ ಒಂದು ಕಾಳಗದಲ್ಲಿ ಎರಡು ಸಲ, ಮುಂದಿನದರಲ್ಲಿ ಒಂದು ಸಲ ಬಿದ್ದ. ಮೂರು ಮೆಟ್ಟಿಲು. ಅಲ್ಲಿಂದ ಮುಂದೆ ಅವನ ಪ್ರತಿ ಹೊಡೆತಕ್ಕೂ ಡಿಸ್‌ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ಕಡಿಮೆ ಬಂದಿದ್ದನ್ನು ತೆಗೆದುಕೊಳ್ಳಬೇಕು. ಮೂರನೇ ಸೆಷನ್‌ಗೆ ಬಂದಾಗ ಅವನು ಕೊಡಲಿ ಕೆಳಗಿಟ್ಟು ಬಿಲ್ಲು ತೆಗೆದುಕೊಂಡಿದ್ದ. ಎಲ್ಲರಿಗಿಂತ ಹಿಂದೆ ನಿಂತ.

ನಾಲ್ಕು ಸೆಷನ್ ಮುಗಿದ ಮೇಲೆ ಅವನು ಹೇಳಿದ ಮಾತು ನೋಟ್‌ಬುಕ್‌ನಲ್ಲಿ ಹಾಗೇ ಬರೆದುಕೊಂಡಿದ್ದೇನೆ: 'ಮುಂದೆ ನಿಂತು ಏಟು ತಿನ್ನೋದು ನನ್ನ ಕೆಲಸ. ಕೆಲಸ ಮಾಡಿದ್ದಕ್ಕೇ ದಂಡ ಹಾಕ್ತಾ ಇದೀರಿ.' ಅವನು ಹೇಳಿದ್ದು ಸರಿ. ಕಾಯುವ ಆಟ ಆಡಿದ್ದು ಇಡೀ ಗುಂಪು, ಬೆಲೆ ತೆತ್ತಿದ್ದು ಅವನೊಬ್ಬ. ಹಿಂದೆ ನಿಂತ ವಿಝರ್ಡ್, ಅಂದರೆ ಮಾಂತ್ರಿಕ, ಒಂದು ಮೆಟ್ಟಿಲೂ ಹತ್ತಲಿಲ್ಲ. ನಾಲ್ಕು ಸೆಷನ್ ಆಡದೇ ಹೋಗಿದ್ದರೆ ನಾನು ಇದೇ ನಿಯಮವನ್ನು ಪುಸ್ತಕಕ್ಕೆ ಹಾಕಿ ಅಂತ ಕೇಳುತ್ತಿದ್ದೆ.

ಎರಡನೇ ಪ್ರಯೋಗಕ್ಕೆ ಪ್ರಶ್ನೆಯನ್ನೇ ತಿರುಗಿಸಿದೆ. ಬಿದ್ದವನಿಗೆ ದಂಡ ಹಾಕುವ ಬದಲು, ಬೀಳುವ ಮೊದಲೇ ಕೈ ಹಿಡಿಯುವುದಕ್ಕೆ ಬೆಲೆ ಬರಲಿ. ಗುಣ ಮಾಡುವ ಮಂತ್ರಗಳ ದಾಳವನ್ನು ಎರಡು ಪಟ್ಟು ಮಾಡಿದೆ. ಕ್ಯೂರ್ ವೂಂಡ್ಸ್‌ಗೆ ಎರಡು ಡಿ8, ಹೀಲಿಂಗ್ ವರ್ಡ್‌ಗೆ ಎರಡು ಡಿ4. ಈಗ ಕ್ಯೂರ್ ವೂಂಡ್ಸ್ ಸರಾಸರಿ 12. ಓಗರ್‌ನ ಒಂದು ಏಟಿಗೆ ಹೆಚ್ಚುಕಡಿಮೆ ಸಮ. ಏಳು ಪಾಯಿಂಟ್‌ನಲ್ಲಿ ನಿಂತವನಿಗೆ ಹನ್ನೆರಡು ಸೇರಿದರೆ ಹತ್ತೊಂಬತ್ತು, ಇನ್ನೊಂದು ಏಟು ತಡೆದು ನಿಲ್ಲುತ್ತಾನೆ. ಕ್ಲೆರಿಕ್ ಕೊಟ್ಟ ಸರದಿಗೆ ಅರ್ಥ ಬಂತು. ಮೊದಲ ಸೆಷನ್‌ನಲ್ಲೇ ಅವಳು ಓಡಿ ಹೋಗಿ ಅವನ ಭುಜ ಮುಟ್ಟಿ ಮಂತ್ರ ಹಾಕಿದಳು, ಅವನು ಇನ್ನೂ ನಿಂತಿದ್ದಾಗಲೇ. ಜೊತೆಗೆ ಮದ್ದಿನ ಸೀಸೆ ಕುಡಿಯುವುದನ್ನು ಆಕ್ಷನ್‌ನಿಂದ ಬೋನಸ್ ಆಕ್ಷನ್‌ಗೆ ಇಳಿಸಿದ್ದು ನಮ್ಮಲ್ಲಿ ಈ ಪ್ರಯೋಗಕ್ಕೂ ಮೊದಲೇ ಇತ್ತು, ಅದನ್ನು ಹಾಗೇ ಉಳಿಸಿಕೊಂಡೆವು. ಹಳೆಯ ನಿಯಮದಲ್ಲಿ ಏಳು ಪಾಯಿಂಟ್ ಸರಾಸರಿಯ ಒಂದು ಸೀಸೆಗೆ ಇಡೀ ಆಕ್ಷನ್ ಕೊಡಬೇಕಾಗಿತ್ತು. ಆಗ ಯಾರೂ ಕುಡಿಯುತ್ತಲೇ ಇರಲಿಲ್ಲ, ಎಲ್ಲರ ಚೀಲದಲ್ಲೂ ಸೀಸೆಗಳು ಕೊಳೆಯುತ್ತಿದ್ದವು.

ಬೀಳುವುದು ಪೂರ್ತಿ ನಿಂತಿತು ಅಂತ ಹೇಳುವುದಿಲ್ಲ. ಬೀಳುತ್ತಾರೆ. ಆದರೆ ಬೀಳುವುದನ್ನು ಕಾಯುವುದು ನಿಂತಿತು. ನನಗೆ ಬೇಕಾಗಿದ್ದು ಅದೇ.

2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕರಿಸಿದ ನಿಯಮಗಳ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದಾಗ ನಾನು ಮೊದಲು ತಿರುವಿದ್ದು ಈ ಪುಟ. ಎರಡು ಡಿ8. ಎರಡು ಡಿ4. ಸೀಸೆ ಬೋನಸ್ ಆಕ್ಷನ್. ಮೂರೂ ಇದ್ದವು! ಆ ಖುಷಿಯಲ್ಲಿ ಕ್ಲೆರಿಕ್ ಆಡುವವಳಿಗೆ ಅಲ್ಲೇ ಫೋನ್ ಮಾಡಿದೆ.

ಇನ್ನು ಬಳಲಿಕೆಯ ವಿಷಯ. ಆ ಆರು ಮೆಟ್ಟಿಲು ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ, ಪ್ರತಿ ಸಲ ಪುಸ್ತಕ ತೆಗೆಯಬೇಕು. ಪುಸ್ತಕಕ್ಕೂ ಮೊದಲು ಆಡಿ ನೋಡಲು ಬಿಟ್ಟ ಪರೀಕ್ಷಾ ಕರಡಿನಲ್ಲಿ ಒಂದು ಚೆಂದದ ರೂಪ ಬಂದಿತ್ತು: ಹತ್ತು ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ ದಾಳದಲ್ಲಿ ಒಂದು ಕಡಿಮೆ. ನಾವು ಚಳಿಯ ಪರ್ವತ ದಾಟುವ ಕಥೆಯಲ್ಲಿ ಇದನ್ನು ಬಳಸಿದೆವು. ದಿನಕ್ಕೊಂದು ಎರಡು ಅಂತ ಸಣ್ಣಗೆ ಏರುತ್ತಾ ಹೋಗುತ್ತಿತ್ತು, ನಡೆದು ನಡೆದು ಕಾಲು ಸೋಲುವ ಹಾಗೆ. ಕೊನೆಗೆ ಪುಸ್ತಕದಲ್ಲಿ ಬಂದಿದ್ದು ಆರು ಮೆಟ್ಟಿಲು, ಪ್ರತಿಯೊಂದಕ್ಕೂ ದಾಳದಲ್ಲಿ ಎರಡು ಕಡಿಮೆ, ವೇಗದಲ್ಲಿ ಐದು ಅಡಿ ಕಡಿಮೆ. ಇದೂ ಒಳ್ಳೆಯದೇ, ನೆನಪಿಟ್ಟುಕೊಳ್ಳಲು ಸುಲಭ. ಆದರೆ ನನ್ನ ಮನಸ್ಸು ಇನ್ನೂ ಹತ್ತು ಮೆಟ್ಟಿಲ ಕಡೆಗೇ ಇದೆ. ಎರಡೆರಡು ಕಡಿಮೆ ಆಗುವಾಗ ಡಿಎಂಗೆ ಬಳಲಿಕೆ ಕೊಡಲು ಕೈ ಹಿಂಜರಿಯುತ್ತೆ, ಕೊಡದೇ ಇದ್ದರೆ ನಿಯಮ ಇದ್ದೂ ಇಲ್ಲದ ಹಾಗೆ.

ಫೈಟರ್ ಆಡುವವನ ಬಗ್ಗೆಯೇ ಇನ್ನೊಂದು ಸಾಲು ನೋಟ್‌ಬುಕ್‌ನಲ್ಲಿ ಪದೇ ಪದೇ ಇತ್ತು. ಅದು ನಿಂತ ಜಾಗ ಅಲ್ಲ, ತದ್ವಿರುದ್ಧ. 'ಫೈಟರ್ ಸರದಿ, ಇಪ್ಪತ್ತು ಸೆಕೆಂಡ್.' ವಿಝರ್ಡ್‌ನ ಸರದಿ ನಾಲ್ಕು ನಿಮಿಷ, ಎಲ್ಲಿ ಬೆಂಕಿ ಉಂಡೆ ಎಸೆಯಲಿ, ಗೆಳೆಯರು ಸಿಕ್ಕಿಬೀಳುತ್ತಾರಾ, ಯಾವ ಸ್ಲಾಟ್ ಉಳಿಸಲಿ. ಫೈಟರ್‌ದು: 'ಹೊಡಿತೀನಿ. ಹದಿನೇಳು. ತಾಗಿತಾ? ಒಂಬತ್ತು.' ಮುಗಿಯಿತು. ಅವನು ದೂರು ಹೇಳಿದವನಲ್ಲ. ಆದರೆ ಸರದಿಗಳ ನಡುವೆ ಅವನು ದಾಳಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟುತ್ತಿದ್ದ, ಅದು ಬೀಳದ ಹಾಗೆ ನೋಡಿಕೊಳ್ಳುವುದರಲ್ಲಿ ಅವನಿಗೆ ಕಾಳಗಕ್ಕಿಂತ ಜಾಸ್ತಿ ಆಸಕ್ತಿ ಇತ್ತು. ಅದನ್ನು ನೋಡಿ ನನಗೆ ಬೇಜಾರಾಗುತ್ತಿತ್ತು.

2023ರ ಕರಡಿನಲ್ಲಿ ವೆಪನ್ ಮಾಸ್ಟರಿ ಬಂತು. ಪ್ರತಿ ಆಯುಧಕ್ಕೂ ಒಂದು ಗುಣ. ಕೊನೆಗೆ ಪುಸ್ತಕಕ್ಕೆ ಬಂದ ಹಾಗೆ ಹೇಳುವುದಾದರೆ, ಉದ್ದ ಕತ್ತಿಗೆ ಸ್ಯಾಪ್, ತಾಗಿದರೆ ಎದುರಾಳಿಯ ಮುಂದಿನ ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್. ದೊಡ್ಡ ಕತ್ತಿಗೆ ಗ್ರೇಝ್, ತಪ್ಪಿದರೂ ಸ್ವಲ್ಪ ಗಾಯ. ಯುದ್ಧದ ಸುತ್ತಿಗೆಗೆ ಪುಶ್, ತಾಗಿದರೆ ಹತ್ತು ಅಡಿ ಹಿಂದಕ್ಕೆ ತಳ್ಳುವುದು, ಅದಕ್ಕೆ ಸೇವಿಂಗ್ ಥ್ರೋ ಕೂಡ ಇಲ್ಲ. ಕರಡು ಕೈಗೆ ಬಂದ ವಾರವೇ ಆಡಿದೆವು. ಕಣಿವೆಯ ಮೇಲೆ ಕಲ್ಲಿನ ಸೇತುವೆ, ನಡುವೆ ಓಗರ್ ನಿಂತಿದೆ. ಫೈಟರ್‌ನ ಸರದಿ ಬಂತು. ಅವನು ದಾಳ ಎತ್ತಲಿಲ್ಲ. ಹಾಳೆಯನ್ನು ನೋಡಿದ, ನಕ್ಷೆ ನೋಡಿದ, ಎದ್ದು ನಿಂತು ಸೇತುವೆಯ ಅಂಚಿಗೆ ಎಷ್ಟು ಚೌಕ ಅಂತ ಬೆರಳಿಟ್ಟು ಎಣಿಸಿದ. ಒಂದು ಚೌಕ ಐದು ಅಡಿ. ತಾನು ಯಾವ ಕಡೆಯಿಂದ ಹೊಡೆದರೆ ಅದು ಯಾವ ಕಡೆಗೆ ಹೋಗುತ್ತೆ ಅಂತ ಕೇಳಿದ. ಸುತ್ತು ಹಾಕಿ ಬಂದು ಕತ್ತಿ ಬಿಟ್ಟು ಸುತ್ತಿಗೆ ತೆಗೆದ. ಹದಿನೆಂಟು ಬಿತ್ತು. ಓಗರ್ ಕಣಿವೆಗೆ ಹೋಯಿತು. ಆ ಒಂದು ಸರದಿ ಮೂರು ನಿಮಿಷ ತೆಗೆದುಕೊಂಡಿತು, ಅಷ್ಟು ಹೊತ್ತೂ ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ದಾಳಗಳ ಗೋಪುರ ಆವತ್ತು ಕಟ್ಟಲೇ ಇಲ್ಲ.

ಆದರೆ ಇದರಲ್ಲೂ ಒಂದು ಮುಳ್ಳಿದೆ. ಟಾಪಲ್ ಅಂತ ಒಂದು ಗುಣ, ತಾಗಿದ ಪ್ರತಿ ಹೊಡೆತಕ್ಕೂ ಎದುರಾಳಿ ಕಾನ್‌ಸ್ಟಿಟ್ಯೂಷನ್ ಸೇವ್, ಅಂದರೆ ದೇಹದ ಗಟ್ಟಿತನದ ಸೇವಿಂಗ್ ಥ್ರೋ, ಮಾಡಬೇಕು, ತಪ್ಪಿದರೆ ಅಂಗಾತ ಬೀಳಬೇಕು. ಐದನೇ ಲೆವೆಲ್‌ನ ಫೈಟರ್‌ಗೆ ಸರದಿಗೆ ಎರಡು ಹೊಡೆತ. ಅಂದರೆ ಅವನ ಒಂದು ಸರದಿಯಲ್ಲಿ ನಾನು ಎರಡು ಸಲ ದಾಳ ಉರುಳಿಸಬೇಕು, ಅದೂ ಎಂಟು ಗಾಬ್ಲಿನ್‌ಗಳ ಲೆಕ್ಕ ಇಟ್ಟುಕೊಂಡು. ನೋಟ್‌ಬುಕ್‌ನಲ್ಲಿ ಟಾಪಲ್ ಹೆಸರು ಒಂದೇ ತಿಂಗಳಲ್ಲಿ ಒಂಬತ್ತು ಸಲ ಬಂತು. ಅಭಿಪ್ರಾಯ ಕೇಳುವ ಸಮೀಕ್ಷೆಯಲ್ಲಿ ಬರೆದೆ: ಸರದಿಗೆ ಒಂದೇ ಸಲ ಅಂತ ಮಾಡಿ. ಪುಸ್ತಕದಲ್ಲಿ ಹಾಗಾಗಲಿಲ್ಲ. ನಮ್ಮ ಟೇಬಲ್‌ನಲ್ಲಿ ಹಾಗೇ ಮಾಡಿಕೊಂಡಿದ್ದೇವೆ, ಫೈಟರ್ ಆಡುವವನೇ ಮೊದಲು ಒಪ್ಪಿದ್ದು.

ಸಮೀಕ್ಷೆ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. 2022ರಿಂದ 2023ರ ಕೊನೆಯವರೆಗೆ ಕರಡುಗಳು ಬರುತ್ತಲೇ ಇದ್ದವು, ಪ್ರತಿಯೊಂದಕ್ಕೂ ಅಭಿಪ್ರಾಯ ಕೇಳುತ್ತಿದ್ದರು. ಮೊದಲೆರಡು ಸಲ ನಾನು 'ಇದು ಚೆನ್ನಾಗಿಲ್ಲ', 'ಇದು ದುರ್ಬಲ' ಅಂತ ಬರೆದೆ. ಆಮೇಲೆ ನೋಟ್‌ಬುಕ್ ನೋಡಿ ಬರೆಯತೊಡಗಿದೆ. ಐದನೇ ಲೆವೆಲ್‌ನ ಐದು ಪಾತ್ರ, ನಾಲ್ಕು ಸೆಷನ್, ಇಷ್ಟು ಕಾಳಗ, ಈ ನಿಯಮಕ್ಕೆ ಇಷ್ಟು ಸಲ ಪುಸ್ತಕ ತೆಗೆದೆವು, ಇಂಥವರು ಇಷ್ಟು ಹೊತ್ತು ಸುಮ್ಮನಿದ್ದರು. ಯಾರು ಓದಿದರೋ ಏನೋ, ನನಗಂತೂ ಬರೆಯುವಾಗಲೇ ನನ್ನ ಬೇಡಿಕೆ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತಿತ್ತು. ಬರೆಯಲು ಮೂರು ಸಾಲೂ ಸಿಗದ ಬೇಡಿಕೆಗಳನ್ನು ಬಿಟ್ಟುಬಿಟ್ಟೆ.

ಹಾಗೆ ನಾನೇ ವಾಪಸ್ ತೆಗೆದುಕೊಂಡ ಬೇಡಿಕೆಯೂ ಇದೆ. ಇಪ್ಪತ್ತು ಬಿದ್ದರೆ ಯಾವ ಕೆಲಸವಾದರೂ ಗೆಲ್ಲಬೇಕು, ಒಂದು ಬಿದ್ದರೆ ಸೋಲಬೇಕು ಅನ್ನುವುದು ನನ್ನ ಹಳೆಯ ಆಸೆ. 2014ರ ನಿಯಮದಲ್ಲಿ ಅದು ಹೊಡೆತಕ್ಕೆ ಮಾತ್ರ. ಮೊದಲ ಕರಡಿನಲ್ಲಿ ಎಲ್ಲ ಡಿ20 ಪರೀಕ್ಷೆಗೂ ಅಂತ ಬಂದಾಗ ಕುಣಿದಾಡಿದೆ. ಆಡಿದೆವು. ಬೀಗ ತೆಗೆಯುವುದನ್ನೇ ಕೆಲಸ ಮಾಡಿಕೊಂಡ ರೋಗ್ ಒಂದು ಬೀಗದ ಮುಂದೆ ಕೂತಾಗ ಅವಳಿಗೆ ಒಂದು ಬಿತ್ತು. ಅವಳಿಗಿದ್ದ ಬೋನಸ್ಸಿಗೆ ಹಳೆಯ ನಿಯಮದಲ್ಲಿ ಒಂದು ಬಿದ್ದರೂ ಆ ಬೀಗ ತೆಗೆಯುತ್ತಿತ್ತು. ಈಗ ಸೋಲು. ಆಮೇಲೆ ಕ್ಲೆರಿಕ್, ಫೈಟರ್, ವಿಝರ್ಡ್ ಸಾಲಾಗಿ ಬಂದು 'ನಾನೊಂದು ಸಲ ನೋಡ್ತೀನಿ' ಅಂದರು, ಇಪ್ಪತ್ತು ಬಿದ್ದರೆ ಸಾಕಲ್ವಾ ಅಂತ. ಫೈಟರ್‌ಗೆ ಬಿತ್ತು. ರೋಗ್ ಆಡುವವಳ ಮುಖ ನೋಡಿದೆ. ವರ್ಷಗಟ್ಟಲೆ ಬೆಳೆಸಿದ ಕೌಶಲ್ಯವನ್ನು ಒಂದು ದಾಳ ಅಳಿಸಿ ಹಾಕಿತ್ತು. ಮೂರೇ ಸೆಷನ್‌ಗೆ ನಿಲ್ಲಿಸಿದೆವು, ನಾಲ್ಕರ ಕಟ್ಟುಪಾಡು ಮುರಿದಿದ್ದು ಅದೊಂದೇ ಸಲ. ಮುಂದಿನ ಕರಡುಗಳಲ್ಲಿ ಅವರೂ ಅದನ್ನು ಕೈಬಿಟ್ಟರು.

ಸರ್‌ಪ್ರೈಸ್ ನಿಯಮ ಬದಲಾಗಿದ್ದು ನನಗೆ ಬಹಳ ಸಮಾಧಾನ. ಮೊದಲು ಹೊಂಚು ಹಾಕಿದವರ ಬಲೆಗೆ ಸಿಕ್ಕರೆ ಮೊದಲ ಸರದಿ ಪೂರ್ತಿ ಹೋಗುತ್ತಿತ್ತು, ಕದಲುವಂತಿಲ್ಲ, ಏನೂ ಮಾಡುವಂತಿಲ್ಲ. ಈಗ ಇನಿಶಿಯೇಟಿವ್, ಅಂದರೆ ಯಾರ ಸರದಿ ಮೊದಲು ಅನ್ನುವ ದಾಳಕ್ಕೆ ಡಿಸ್‌ಅಡ್ವಾಂಟೇಜ್ ಅಷ್ಟೇ. ಹೊಂಚಿಗೆ ಬೆಲೆ ಕಡಿಮೆ ಆಯಿತು ಅಂತ ಕೆಲವರು ಗೊಣಗುತ್ತಾರೆ. ಹೊಂಚು ಹಾಕುವ ಗುಂಪಿಗೆ ಅದು ನಷ್ಟ ಹೌದು. ಆದರೆ ಒಬ್ಬ ಆಟಗಾರ ಬಿಡುವು ಮಾಡಿಕೊಂಡು ಬಂದು ಕೂತು ಮೊದಲ ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡು ನೋಡುವುದಕ್ಕಿಂತ ಆ ನಷ್ಟ ಸಣ್ಣದು.

ಇದೇ ಕಾರಣಕ್ಕೆ ನನಗೆ ಸಿಗದೇ ಹೋದ ದೊಡ್ಡ ಬೇಡಿಕೆ, ಸ್ಟನ್, ಅಂದರೆ ಪಾತ್ರ ಸ್ತಬ್ಧವಾಗಿ ಸರದಿ ಕಳೆದುಕೊಳ್ಳುವ ಸ್ಥಿತಿ, ಬದಲಾಗಲಿ ಅನ್ನುವುದು. ಹಳೆಯ ನಿಯಮದಲ್ಲಿ ಮೈಂಡ್ ಫ್ಲೇಯರ್ ಒಮ್ಮೆ ಮನಸ್ಸಿನ ಸಿಡಿಲು ಬಿಟ್ಟಿತು, ಇಂಟೆಲಿಜೆನ್ಸ್ ಸೇವ್, ಡಿಸಿ 15, ಅಂದರೆ ಲೆಕ್ಕ ಹದಿನೈದು ಮುಟ್ಟಬೇಕು. ನಮ್ಮ ಫೈಟರ್‌ಗೆ ಇಂಟೆಲಿಜೆನ್ಸ್ ಮೈನಸ್ ಒಂದು. ಹದಿನಾರು ಅಥವಾ ಜಾಸ್ತಿ ಬೀಳಬೇಕು, ಅಂದರೆ ನಾಲ್ಕರಲ್ಲಿ ಒಂದು ಅವಕಾಶ. ಪ್ರತಿ ಸರದಿಯ ಕೊನೆಗೆ ಮತ್ತೊಮ್ಮೆ ದಾಳ ಉರುಳಿಸಬಹುದು ಅಷ್ಟೇ. ನೋಟ್‌ಬುಕ್‌ನ ಸಾಲು: '7.50ರಿಂದ 8.35. ಫೈಟರ್. ನಾಲ್ಕು ಸೇವ್, ನಾಲ್ಕೂ ತಪ್ಪಿತು.' ನಲವತ್ತೈದು ನಿಮಿಷದಲ್ಲಿ ಒಬ್ಬ ಮನುಷ್ಯ ನಾಲ್ಕು ಸಲ ದಾಳ ಮುಟ್ಟಿದ. ಸ್ಟನ್ ಆದವರು ಆಕ್ಷನ್ ತೆಗೆದುಕೊಳ್ಳುವಂತಿಲ್ಲ ಅನ್ನುವುದು ಹೊಸ ಪುಸ್ತಕದಲ್ಲೂ ಹಾಗೇ ಇದೆ. ಮಾಂಕ್ ಅನ್ನುವ ಪಾತ್ರ ಎದುರಾಳಿಯನ್ನು ಸ್ಟನ್ ಮಾಡುವ ಸ್ಟನ್ನಿಂಗ್ ಸ್ಟ್ರೈಕನ್ನು ಸರದಿಗೆ ಒಂದೇ ಸಲ ಅಂತ ಕಟ್ಟಿಹಾಕಿದ್ದಾರೆ, ಒಳ್ಳೆಯದು, ಅದು ನನ್ನ ರಾಕ್ಷಸರಿಗೆ ಅನುಕೂಲ. ಆಟಗಾರರಿಗೆ ಏನು?

ನಾವು ಕಂಡುಕೊಂಡ ದಾರಿ ಇದು. ಸ್ಟನ್ ಆದ ಆಟಗಾರನ ಕೈಗೆ ಒಂದು ಸಣ್ಣ ರಾಕ್ಷಸನ ಹಾಳೆ ಕೊಡುತ್ತೇನೆ. ಅವನ ಪಾತ್ರ ಎಚ್ಚರ ಆಗುವವರೆಗೆ ಆ ರಾಕ್ಷಸನನ್ನು ಅವನೇ ಆಡುತ್ತಾನೆ, ತನ್ನ ಗೆಳೆಯರ ವಿರುದ್ಧ. ಮೊದಲ ಸಲ ಕೊಟ್ಟಾಗ ಫೈಟರ್ ಆಡುವವನು ಎಷ್ಟು ಚೆನ್ನಾಗಿ ಆಡಿದ ಅಂದರೆ ನನ್ನ ಗಾಬ್ಲಿನ್ ವಿಝರ್ಡ್‌ನನ್ನು ಮೂಲೆಗೆ ತಳ್ಳಿಬಿಟ್ಟಿತು. ನಿಯಮದ ದೃಷ್ಟಿಯಿಂದ ಏನೂ ಬದಲಾಗಲಿಲ್ಲ, ಸ್ಟನ್ ಸ್ಟನ್ನೇ. ಕೈಗೆ ದಾಳ ಬಂತು.

ಶಾರ್ಟ್ ರೆಸ್ಟ್, ಅಂದರೆ ದಿನದ ನಡುವಿನ ಸಣ್ಣ ವಿಶ್ರಾಂತಿ, ಅದರ ವಿಷಯದಲ್ಲೂ ಅರ್ಧ ಸಿಕ್ಕಿತು, ಅರ್ಧ ಇಲ್ಲ. 2014ರ ಡಿಎಂ ಪುಸ್ತಕ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಅಂತ ಲೆಕ್ಕ ಹಾಕಿತ್ತು. ನಮ್ಮ ಒಂದು ಸಂಜೆ ಮೂರೂವರೆ ಗಂಟೆ, ಎರಡು ಕಾಳಗ ಆದರೆ ಜಾಸ್ತಿ. ಕಥೆಯ ಒಂದು ದಿನದಲ್ಲಿ ಎರಡೇ ಕಾಳಗ ಇದ್ದರೆ ವಿಝರ್ಡ್ ಇರುವ ಸ್ಲಾಟ್‌ಗಳನ್ನೆಲ್ಲ ಎರಡರಲ್ಲೇ ಸುರಿಯುತ್ತಾನೆ. ವಾರ್‌ಲಾಕ್ ಅನ್ನುವ ಇನ್ನೊಂದು ಬಗೆಯ ಮಾಂತ್ರಿಕ ಪಾತ್ರಕ್ಕೆ ಐದನೇ ಲೆವೆಲ್‌ನಲ್ಲೂ ಇರುವುದು ಎರಡೇ ಸ್ಲಾಟ್, ದಿನದ ನಡುವೆ ಶಾರ್ಟ್ ರೆಸ್ಟ್ ಸಿಕ್ಕರೆ ಮಾತ್ರ ತುಂಬುತ್ತೆ, ಅದಕ್ಕೆ ಒಂದು ಗಂಟೆ ಕೂರಬೇಕು. ಕೋಟೆಯೊಳಗೆ ನುಸುಳಿದ ಮೇಲೆ ಒಂದು ಗಂಟೆ ಎಲ್ಲಿ ಕೂರುವುದು? ವಾರ್‌ಲಾಕ್ ಆಡುವವಳು ಪ್ರತಿ ಸಲ ಗುಂಪಿನ ಹತ್ತಿರ ಬೇಡಿಕೊಳ್ಳಬೇಕಿತ್ತು. ಆ ಬೇಡಿಕೊಳ್ಳುವುದೇ ನೋಟ್‌ಬುಕ್‌ನಲ್ಲಿ ಹತ್ತಾರು ಸಾಲು. ನಾವು ಶಾರ್ಟ್ ರೆಸ್ಟನ್ನು ಹತ್ತು ನಿಮಿಷಕ್ಕೆ ಇಳಿಸಿ, ದಿನಕ್ಕೆ ಎರಡೇ ಅಂತ ಮಿತಿ ಹಾಕಿದೆವು. ನಾಲ್ಕು ಸೆಷನ್ ಆದ ಮೇಲೆ ಒಬ್ಬರೂ ಬೇಡ ಅನ್ನಲಿಲ್ಲ. ಹೊಸ ಪುಸ್ತಕದಲ್ಲಿ ರೆಸ್ಟ್ ಇನ್ನೂ ಒಂದು ಗಂಟೆಯೇ. ಆದರೆ ವಾರ್‌ಲಾಕ್‌ಗೆ ಎರಡನೇ ಲೆವೆಲ್‌ನಲ್ಲಿ ಮ್ಯಾಜಿಕಲ್ ಕನಿಂಗ್ ಅಂತ ಕೊಟ್ಟಿದ್ದಾರೆ, ಒಂದು ನಿಮಿಷ ಕೂತು ಅರ್ಧ ಸ್ಲಾಟ್ ವಾಪಸ್ ಪಡೆಯಬಹುದು, ಲಾಂಗ್ ರೆಸ್ಟ್‌ಗೆ ಒಂದು ಸಲ. ಆರರಿಂದ ಎಂಟು ಅನ್ನುವ ಲೆಕ್ಕವನ್ನೂ ಡಿಎಂ ಪುಸ್ತಕದಿಂದ ತೆಗೆದಿದ್ದಾರೆ. ನಮ್ಮ ಹತ್ತು ನಿಮಿಷವನ್ನು ನಾವು ಬಿಟ್ಟಿಲ್ಲ.

ಪ್ಯಾಲಡಿನ್, ಅಂದರೆ ದೈವಶಕ್ತಿಯ ಯೋಧ, ಆಡುವವನಿಗೆ ಮಾತ್ರ ಬೇಸರ ಆಗಿದೆ. ಅವನ ಡಿವೈನ್ ಸ್ಮೈಟ್, ಅಂದರೆ ಹೊಡೆತಕ್ಕೆ ಸೇರಿಸುವ ಹೆಚ್ಚುವರಿ ಗಾಯ, ಈಗ ಒಂದು ಮಂತ್ರ, ಬೋನಸ್ ಆಕ್ಷನ್ ಬೇಕು, ಹಾಗಾಗಿ ಸರದಿಗೆ ಒಂದೇ. ಮೊದಲು ತಾಗಿದ ಪ್ರತಿ ಹೊಡೆತಕ್ಕೂ ಸೇರಿಸಬಹುದಿತ್ತು. ನನ್ನ ದೊಡ್ಡ ರಾಕ್ಷಸರು ಒಂದೇ ಸರದಿಗೆ ನೆಲಕ್ಕೆ ಬೀಳುತ್ತಿದ್ದುದನ್ನು ನೋಡಿದವನಾಗಿ ನಾನು ಇದನ್ನು ಒಪ್ಪುತ್ತೇನೆ. ಆದರೆ ಅದನ್ನು ಮಂತ್ರ ಮಾಡಿದ್ದರಿಂದ ಎದುರಿನ ಮಾಂತ್ರಿಕ ಕೌಂಟರ್‌ಸ್ಪೆಲ್ ಹಾಕಿ ತಡೆಯಬಹುದು, ಅದು ಬೇಕಿರಲಿಲ್ಲ. ಕೋಪ ಬಂದು ಕತ್ತಿಯಲ್ಲಿ ಬೆಳಕು ತುಂಬಿ ಹೊಡೆದವನಿಗೆ 'ಆಗಲಿಲ್ಲ' ಅಂತ ಹೇಳುವುದು ನನಗೇ ಕಷ್ಟ. ನಮ್ಮಲ್ಲಿ ಸ್ಮೈಟ್‌ಗೆ ಕೌಂಟರ್‌ಸ್ಪೆಲ್ ಇಲ್ಲ.

2025ರ ಫೆಬ್ರುವರಿಯಲ್ಲಿ ರಾಕ್ಷಸರ ಪುಸ್ತಕ ಮಾನ್‌ಸ್ಟರ್ ಮ್ಯಾನ್ಯುಯಲ್ ಬಂದ ಮೇಲೆ ನನ್ನ ಕೆಲಸ ಹಗುರ ಆಗಿದೆ. ತೋಳವನ್ನೇ ನೋಡಿ. ಮೊದಲು ಕಚ್ಚಿದರೆ ಸ್ಟ್ರೆಂಗ್ತ್ ಸೇವ್, ಡಿಸಿ 11, ತಪ್ಪಿದರೆ ಬೀಳುವುದು. ಈಗ ಕಚ್ಚಿತು ಅಂದರೆ ಬಿದ್ದರು, ಸೇವ್ ಇಲ್ಲ. ಆರು ತೋಳ ಇದ್ದರೆ ಒಂದು ಸುತ್ತಿನಲ್ಲಿ ಆರು ದಾಳದವರೆಗೆ ಉರುಳಿಸುವ ಕೆಲಸ ಉಳಿಯುತ್ತೆ. ಆಟಗಾರರಿಗೆ ತೋಳ ಅಂದರೆ ಹೆದರಿಕೆಯೂ ಬಂದಿದೆ. ಟಾಪಲ್‌ಗೂ ಹೀಗೆ ಮಾಡಬೇಕಿತ್ತು ಅಂತ ಒಮ್ಮೊಮ್ಮೆ ಅನಿಸುತ್ತೆ, ಆಮೇಲೆ ಎರಡು ಹೊಡೆತಕ್ಕೆ ಎರಡು ರಾಕ್ಷಸರು ಸುಮ್ನೆ ಬೀಳುವುದನ್ನು ಯೋಚಿಸಿ ಬೇಡ ಅನಿಸುತ್ತೆ.

ಹೊಸ ಪುಸ್ತಕ ಬಂದ ಮೇಲೂ ನೋಟ್‌ಬುಕ್ ನಿಲ್ಲಿಸಿಲ್ಲ. ಈಗ ಜಾಸ್ತಿ ಬರುವ ಪದ 'ಅಡಗುವುದು'. ಹೈಡ್ ಆಕ್ಷನ್‌ಗೆ ಈಗ ಸ್ಟೆಲ್ತ್, ಅಂದರೆ ಸದ್ದಿಲ್ಲದೆ ನುಸುಳುವ ಕೌಶಲ್ಯದಲ್ಲಿ ಡಿಸಿ 15 ಮುಟ್ಟಬೇಕು, ಮುಟ್ಟಿದರೆ ಇನ್‌ವಿಸಿಬಲ್, ಅಂದರೆ ಅದೃಶ್ಯ, ಅನ್ನುವ ಸ್ಥಿತಿ ಸಿಗುತ್ತೆ. ಕಂಬದ ಹಿಂದೆ ಅಡಗಿದ ರೋಗ್‌ಗೂ ಮಂತ್ರದಿಂದ ಮಾಯವಾದ ವಿಝರ್ಡ್‌ಗೂ ಒಂದೇ ಹೆಸರಿನ ಸ್ಥಿತಿ. ಕಂಬ ಬಿಟ್ಟು ಈಚೆ ಬಂದರೆ ಕಾಣುತ್ತಾಳಾ? ಕಾವಲುಗಾರ ತಾನಾಗಿ ಹುಡುಕಬೇಕಾ, ಕಣ್ಣೆದುರು ನಡೆದು ಹೋದರೆ ಸಾಕಾ? ಮೂರು ಸೆಷನ್‌ನಲ್ಲಿ ಐದು ವಾದ ಆಯಿತು. ಸದ್ಯಕ್ಕೆ ನಮ್ಮ ಒಪ್ಪಂದ: ಮರೆ ಬಿಟ್ಟು ಬಂದವರು ತಮ್ಮ ಆ ಸರದಿ ಮುಗಿಯುವವರೆಗೆ ಅಡಗಿದ ಹಾಗೇ ಲೆಕ್ಕ, ಮುಗಿದಾಗ ಯಾರ ಕಣ್ಣಿಗಾದರೂ ನೇರ ಬಿದ್ದಿದ್ದರೆ ಸಿಕ್ಕಿಬಿದ್ದರು. ಇದನ್ನು ಎರಡು ಸೆಷನ್ ಆಡಿದ್ದೇವೆ. ಇನ್ನೂ ಎರಡು ಬಾಕಿ ಇದೆ, ಅದಾದ ಮೇಲೆ ರೋಗ್ ಆಡುವವಳು ಏನು ಹೇಳುತ್ತಾಳೆ ನೋಡಬೇಕು.